ಮಕ್ಕಳ ಇಆರ್‌ಸಿಪಿ ಮತ್ತು ಅದರ ನಂತರದ 24 ಗಂಟೆ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು.
ಹಾಗೂ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಅಧಿಕಾರಿಗಳು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು.

ವಿಷಯ: ಮಕ್ಕಳಿಗೆ ಇಆರ್‌ಸಿಪಿ ಮಾಡಿದ ಮೇಲೆ ಒಂದು ರಾತ್ರಿಯ ಆಸ್ಪತ್ರೆ ವಾಸ ಮತ್ತು ಸ್ಟೆಂಟ್ ನೋಂದಣಿ ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ಈ ಪತ್ರ ಹೊಸ ಯಂತ್ರ ಕೇಳಲು ಬರೆದದ್ದಲ್ಲ. ಇಆರ್‌ಸಿಪಿ, ಅಂದರೆ ಬಾಯಿಯ ಮೂಲಕ ಕೊಳವೆ ಇಳಿಸಿ ಪಿತ್ತನಾಳ, ಮೇದೋಜೀರಕ ನಾಳಗಳಿಗೆ ಮಾಡುವ ಚಿಕಿತ್ಸೆ, ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಲ್ಲ. ಗದಗ, ಹಾವೇರಿ ಕಡೆಯವರು ಇದಕ್ಕೆ ಇಲ್ಲಿಗೇ ಬರುತ್ತಾರೆ, ಇಲ್ಲಿ ಆಗದ್ದಕ್ಕೆ ಬೆಳಗಾವಿ, ಬೆಂಗಳೂರು ಹಿಡಿಯುತ್ತಾರೆ. ನಮ್ಮ ಆತಂಕ ಇರುವುದು ಕೊಳವೆ ಹೊರಗೆ ತೆಗೆದ ನಂತರದ ಸಮಯದ ಬಗ್ಗೆ. ಮಗುವಿನ ಜೀವಕ್ಕೆ ಕುತ್ತು ತರುವ ತೊಂದರೆಗಳಲ್ಲಿ ಹೆಚ್ಚಿನವು ತಲೆ ಎತ್ತುವುದು ಮೊದಲ 24 ಗಂಟೆಯಲ್ಲಿ. ಉಳಿದವುಗಳಲ್ಲಿ ಹಲವು ಮೂರು ತಿಂಗಳ ನಂತರ, ಎಲ್ಲರೂ ಮರೆತ ಮೇಲೆ. ಈ ಎರಡು ಅವಧಿಗೂ ನಮ್ಮ ಮೂರು ಜಿಲ್ಲೆಗಳಲ್ಲಿ ಒಂದು ಲಿಖಿತ ವ್ಯವಸ್ಥೆ ಬೇಕು. ಅದು ಯಂತ್ರದಷ್ಟು ದುಬಾರಿಯೂ ಅಲ್ಲ.

ಸಾರ್ವಜನಿಕರೂ ಈ ಪತ್ರ ಓದುವುದರಿಂದ ಚಿಕಿತ್ಸೆ ಏನೆಂದು ಮೊದಲು ಹೇಳುತ್ತೇವೆ. ಬಾಯಿಯ ಮೂಲಕ ಬಗ್ಗುವ ಕೊಳವೆಯೊಂದನ್ನು ಜಠರ ದಾಟಿಸಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಸುತ್ತಾರೆ. ಕೊಳವೆಯ ಕ್ಯಾಮೆರಾ ಮುಂದಕ್ಕೆ ನೋಡುವುದಿಲ್ಲ, ಪಕ್ಕಕ್ಕೆ ನೋಡುತ್ತದೆ. ಯಾಕೆಂದರೆ ಹುಡುಕಬೇಕಾದದ್ದು ಕರುಳಿನ ಗೋಡೆಯ ಮೇಲಿನ ಸಣ್ಣದೊಂದು ಉಬ್ಬನ್ನು. ಅದಕ್ಕೆ ಪ್ಯಾಪಿಲ್ಲಾ ಎನ್ನುತ್ತಾರೆ. ಪಿತ್ತನಾಳ, ಮೇದೋಜೀರಕ ನಾಳ ಎರಡಕ್ಕೂ ಸಾಮಾನ್ಯವಾಗಿ ಬಾಯಿ ಅಲ್ಲೇ. ಆ ಬಾಯಿಯೊಳಗೆ ತೆಳು ತಂತಿ ತೂರಿಸಿ, ಎಕ್ಸ್-ರೇಯಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವ ಬಿಟ್ಟು, ಎಕ್ಸ್-ರೇಯಲ್ಲಿ ನೋಡುತ್ತಾ ಕಲ್ಲು ತೆಗೆಯುತ್ತಾರೆ, ಇಕ್ಕಟ್ಟಾದ ಜಾಗ ಹಿಗ್ಗಿಸುತ್ತಾರೆ ಇಲ್ಲವೇ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ನಳಿಕೆ, ಇಡುತ್ತಾರೆ. 1968ರಲ್ಲಿ ಮೊದಲು ವರದಿಯಾದ ಈ ವಿಧಾನಕ್ಕೆ ಪ್ಯಾಪಿಲ್ಲಾ ಕತ್ತರಿಸುವ ಚಿಕಿತ್ಸೆ ಸೇರಿಕೊಂಡದ್ದು 1974ರಲ್ಲಿ. ಹಸುಗೂಸಿಗೆ ಮಾಡಿದ ಮೊದಲ ವರದಿ ಬಂದದ್ದು 1976ರಲ್ಲಿ.

ಮಕ್ಕಳಿಗೆ ಇದು ಬೇಕಾಗುವ ಕಾರಣಗಳು ಬೇರೆ. ರಕ್ತಕಣ ಒಡೆಯುವ ಕಾಯಿಲೆ ಇರುವ ಮಗುವಿಗೆ ಪಿತ್ತದ ಕಲ್ಲು ಆಗಿ ನಾಳಕ್ಕೆ ಜಾರುತ್ತದೆ. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಬಡಿದು ಮೇದೋಜೀರಕ ನಾಳ ಹರಿಯುತ್ತದೆ. ಪದೇ ಪದೇ ಮೇದೋಜೀರಕದ ಉರಿಯೂತವಾಗಿ ನಾಳದಲ್ಲಿ ಕಲ್ಲು ಕಟ್ಟುತ್ತದೆ, ಇಂಥ ಮಕ್ಕಳಲ್ಲಿ ಹಲವರಿಗೆ ಸ್ಪಿಂಕ್-1 ಎಂಬ ವಂಶವಾಹಿಯಲ್ಲಿ ಬದಲಾವಣೆ ಇರುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ಪಿತ್ತ ಸೋರುವುದೂ ಉಂಟು. ಇಂಥ ಕಡೆ ಇಆರ್‌ಸಿಪಿ ಹೊಟ್ಟೆ ಕೊಯ್ಯುವುದನ್ನು ತಪ್ಪಿಸುತ್ತದೆ. ಆದ್ದರಿಂದ ನಾವು ಇದರ ವಿರೋಧಿಗಳಲ್ಲ.

ಅಳತೆಯ ವಿಷಯಕ್ಕೆ ಬರೋಣ. ದೊಡ್ಡವರ ಕೊಳವೆಯ ದಪ್ಪ 11ರಿಂದ 13 ಮಿ.ಮೀ., ಅದರೊಳಗಿನ ಕೆಲಸದ ದಾರಿ 4.2 ಮಿ.ಮೀ. ಸಾಮಾನ್ಯವಾಗಿ 10 ಕೆ.ಜಿ. ದಾಟಿದ ಮಗುವಿಗೆ ಇದನ್ನೇ ಬಳಸುತ್ತಾರೆ. ಅದಕ್ಕಿಂತ ಕಡಿಮೆ ತೂಕದ ಕೂಸಿಗೆ 7.5 ಮಿ.ಮೀ. ದಪ್ಪದ ಕೊಳವೆ ಬೇಕು, ಅದರ ಒಳದಾರಿ ಬರೀ 2 ಮಿ.ಮೀ. ಸ್ಟೆಂಟ್ ಮತ್ತು ಉಪಕರಣಗಳ ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಮೂರು ಫ್ರೆಂಚ್ ಅಂದರೆ ಒಂದು ಮಿ.ಮೀ. ಹಾಗಾದರೆ 5 ಫ್ರೆಂಚ್ ಸುಮಾರು 1.7 ಮಿ.ಮೀ., ತೂರುತ್ತದೆ. 7 ಫ್ರೆಂಚ್ ಸುಮಾರು 2.3 ಮಿ.ಮೀ., ತೂರುವುದಿಲ್ಲ. ಅಂದರೆ ಸಣ್ಣ ಕೊಳವೆ ಇದ್ದ ಮಾತ್ರಕ್ಕೆ ಕೂಸಿನ ನಾಳಕ್ಕೆ ಬೇಕಾದದ್ದೆಲ್ಲ ಮಾಡಬಹುದು ಎಂದಲ್ಲ. 7 ಕೆ.ಜಿ.ಯ ಮಗುವನ್ನು ಕಳಿಸುವ ಮೊದಲು ‘ನಿಮ್ಮಲ್ಲಿ 7.5 ಮಿ.ಮೀ. ಕೊಳವೆ ಇದೆಯೇ, ಅದಕ್ಕೆ ಹೊಂದುವ ತಂತಿ, ಬಲೂನು ಇವೆಯೇ’ ಎಂದು ಫೋನಿನಲ್ಲಿ ಕೇಳುವುದು ರೆಫರಲ್ ಚೀಟಿಯ ಭಾಗವಾಗಬೇಕು. ಈಗ ಇದನ್ನು ಕೇಳಲೇಬೇಕು ಎನ್ನುವ ನಿಯಮ ಯಾರ ಕೈಯಲ್ಲೂ ಇಲ್ಲ. ಕೇಳದಿದ್ದರೆ ಹಿರೇಕೆರೂರಿನಿಂದ ನೂರು ಕಿ.ಮೀ.ಗೂ ಮೀರಿ ಬಂದ ಕೂಸು ಬಾಗಿಲಲ್ಲೇ ಇನ್ನೊಂದು ಆಸ್ಪತ್ರೆಯ ಚೀಟಿ ಹಿಡಿಯಬೇಕಾಗುತ್ತದೆ.

ಈಗ ತೊಂದರೆಗಳು. 3,566 ಮಕ್ಕಳ ಇಆರ್‌ಸಿಪಿಗಳನ್ನು ಒಟ್ಟುಗೂಡಿಸಿ ನೋಡಿದ, 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದಿದೆ. ಅದರ ಪ್ರಕಾರ ನೂರರಲ್ಲಿ 6 ಸಲ ಏನಾದರೊಂದು ತೊಂದರೆ ಆಗಿದೆ. ಮೇದೋಜೀರಕದ ಉರಿಯೂತ 4.7, ಸೋಂಕು 0.8, ರಕ್ತಸ್ರಾವ 0.6. ಇದು ಸರಾಸರಿ. ಮೇದೋಜೀರಕ ನಾಳದಲ್ಲೇ ಕೆಲಸ ಮಾಡಿದಾಗ ಅಪಾಯ ಇದಕ್ಕಿಂತ ಹೆಚ್ಚು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ತಂದೆತಾಯಿಗೆ ‘ನೂರರಲ್ಲಿ ಐದಾರು’ ಎಂಬ ಈ ಲೆಕ್ಕ ಕನ್ನಡದಲ್ಲಿ ತಿಳಿಯಬೇಕು. ಇಂಗ್ಲಿಷಿನ ನಾಲ್ಕು ಪುಟಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಅಲ್ಲ.

ಉರಿಯೂತ ಯಾಕೆ ಆಗುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಬೇಡಿಕೆಯ ಬುಡ ಇಲ್ಲೇ ಇದೆ. ಪ್ಯಾಪಿಲ್ಲಾವನ್ನು ಎದುರಿಗೆ ಇಟ್ಟುಕೊಂಡು ನೋಡಿದರೆ ಪಿತ್ತನಾಳ ಗಡಿಯಾರದ 11 ಗಂಟೆಯ ದಿಕ್ಕಿಗೆ, ಮೇದೋಜೀರಕ ನಾಳ 1 ಗಂಟೆಯ ದಿಕ್ಕಿಗೆ ಹೋಗುತ್ತವೆ. ಕೂಸಿನ ಪಿತ್ತನಾಳ ಒಂದೆರಡು ಮಿ.ಮೀ. ಅಗಲ ಅಷ್ಟೇ. ತಂತಿ ಬೇಡದ ನಾಳಕ್ಕೆ ಹೋಗುವುದು ಸುಲಭ. ಪ್ಯಾಪಿಲ್ಲಾವನ್ನು ಮತ್ತೆ ಮತ್ತೆ ಚುಚ್ಚಿದರೆ ಅದು ಊದಿಕೊಳ್ಳುತ್ತದೆ, ಮೇದೋಜೀರಕದ ರಸ ಹೊರಬರಲು ದಾರಿ ಮುಚ್ಚುತ್ತದೆ. ಕಾಂಟ್ರಾಸ್ಟ್ ಜೋರಾಗಿ ಒತ್ತಿದರೆ ನಾಳದೊಳಗಿನ ಒತ್ತಡ ಏರುತ್ತದೆ. ಕತ್ತರಿಸುವಾಗಿನ ವಿದ್ಯುತ್ ಶಾಖವೂ ಸೇರಿಕೊಳ್ಳಬಹುದು. ಜೀರ್ಣರಸ ಗ್ರಂಥಿಯೊಳಗೇ ಚುರುಕಾಗಿ ಗ್ರಂಥಿಯನ್ನೇ ತಿನ್ನಲು ತೊಡಗುತ್ತದೆ. ದೊಡ್ಡವರಲ್ಲಿ ಒಂದು ಎಚ್ಚರಿಕೆಯ ಲೆಕ್ಕ ಇದೆ: 5 ಸಲಕ್ಕಿಂತ ಹೆಚ್ಚು ಮುಟ್ಟಿದರೆ, 5 ನಿಮಿಷ ಮೀರಿದರೆ, ಅಥವಾ ಬೇಡದಿದ್ದರೂ ಒಂದಕ್ಕಿಂತ ಹೆಚ್ಚು ಸಲ ಮೇದೋಜೀರಕ ನಾಳಕ್ಕೆ ಹೊಕ್ಕರೆ ಅದು ಕಷ್ಟದ ಪ್ರವೇಶ, ಮಾಡುವವರು ಕ್ರಮ ಬದಲಿಸಬೇಕು. ಮಕ್ಕಳಲ್ಲಿ ಈ ತಾಳ್ಮೆಯ ಮಿತಿ ಇನ್ನೂ ಚಿಕ್ಕದಿರಬೇಕು ಎನ್ನುವುದು ನಮ್ಮ ಅಭಿಪ್ರಾಯ. ‘ಇವತ್ತು ಆಗಲಿಲ್ಲ’ ಎಂದು ಕೊಳವೆ ಹಿಂದೆಗೆಯುವುದು ಸೋಲಲ್ಲ. ಆದರೆ ಯಶಸ್ವಿಯಾದ ಪ್ರಯತ್ನಕ್ಕಷ್ಟೇ ಹಣ ಎಂಬ ಲೆಕ್ಕ ಎಲ್ಲಿದೆಯೋ ಅಲ್ಲಿ ಈ ವಿವೇಕಕ್ಕೆ ಬೆಲೆ ಇರುವುದಿಲ್ಲ. ಚಿಕಿತ್ಸೆಯ ಹಣ ಪಾವತಿಸುವ ಟ್ರಸ್ಟ್‌ನವರು ಇದನ್ನು ಗಮನಿಸಬೇಕು.

ದೊಡ್ಡವರಲ್ಲಿ ಇದನ್ನು ತಡೆಯಲು ಗುದದ್ವಾರದ ಮೂಲಕ ಇಂಡೊಮೆಥಾಸಿನ್ ಎಂಬ ನೋವುನಿವಾರಕ 100 ಮಿ.ಗ್ರಾಂ. ಕೊಡುವುದು ರೂಢಿ. 2012ರಲ್ಲಿ ಪ್ರಕಟವಾದ 602 ಜನರ ಅಧ್ಯಯನದಲ್ಲಿ ಉರಿಯೂತ ನೂರಕ್ಕೆ 16.9ರಿಂದ 9.2ಕ್ಕೆ ಇಳಿಯಿತು. ಅವರೆಲ್ಲ ಹೆಚ್ಚು ಅಪಾಯದ ಗುಂಪಿನವರು, ದೊಡ್ಡವರು. ಆ 100 ಮಿ.ಗ್ರಾಂ. ಗುಳಿಗೆಯನ್ನು 12 ಕೆ.ಜಿ. ಮಗುವಿಗೆ ಹಾಗೇ ಇಡುವಂತಿಲ್ಲ. ತೂಕದ ಪ್ರಕಾರ ಲೆಕ್ಕ ಹಾಕಬೇಕು, ಮೂತ್ರಪಿಂಡ ಸರಿ ಇದೆಯೇ ನೋಡಬೇಕು, ಮಗು ಒಣಗಿದ್ದರೆ ಮೊದಲು ನೀರಿನಂಶ ತುಂಬಬೇಕು.

ಹೊಟ್ಟೆ ನೋವು, ಜೊತೆಗೆ ರಕ್ತದಲ್ಲಿ ಮೇದೋಜೀರಕದ ಜೀರ್ಣರಸದ ಅಂಶಗಳಾದ ಅಮೈಲೇಸ್ ಅಥವಾ ಲೈಪೇಸ್ ಮೂರು ಪಟ್ಟು ಏರಿದರೆ ಅದು ಉರಿಯೂತ. ನೋವಿಲ್ಲದೆ ಬರೀ ಅಂಕಿ ಏರಿದರೆ ಅಲ್ಲ, ಅಂಥ ಏರಿಕೆ ಇಆರ್‌ಸಿಪಿ ನಂತರ ಸಾಮಾನ್ಯ. ಆದರೆ ಎಂಟು ತಿಂಗಳ ಕೂಸು ನೋವೆಂದು ಹೇಳುವುದಿಲ್ಲ. ಹಾಲು ಕುಡಿಯಲು ಒಲ್ಲೆ ಅನ್ನುತ್ತದೆ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಅಳುತ್ತದೆ, ಎತ್ತಿಕೊಂಡರೂ ಸುಮ್ಮನಾಗುವುದಿಲ್ಲ, ನಾಡಿ ಓಡುತ್ತದೆ. ಇನ್ನೊಂದು ಸೂಕ್ಷ್ಮ: ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗುವಿನ ದೇಹ ಅಮೈಲೇಸ್ ತಯಾರಿಸುವುದೇ ಕಡಿಮೆ. ತಾಲೂಕಿನ ಲ್ಯಾಬಿನಲ್ಲಿ ಅಮೈಲೇಸ್ ಒಂದನ್ನೇ ನೋಡಿ ‘ನಾರ್ಮಲ್’ ಎಂದು ಕಳಿಸಿದರೆ ಕಾಯಿಲೆ ಕೈತಪ್ಪಿತೆಂದೇ ತಿಳಿಯಿರಿ. ಕೂಸುಗಳಲ್ಲಿ ನಂಬಬೇಕಾದದ್ದು ಲೈಪೇಸ್. ಗದಗ, ಹಾವೇರಿ ಜಿಲ್ಲೆಗಳ ತಾಲೂಕು ಆಸ್ಪತ್ರೆಗಳಲ್ಲಿ ಲೈಪೇಸ್ ಪರೀಕ್ಷೆಯ ಕಿಟ್ ರಾತ್ರಿಯೂ ಸಿಗುವಂತಿರಬೇಕು.

ಉರಿಯೂತ ಎಂದು ಗೊತ್ತಾದ ಮೇಲೆ ಮೊದಲ ದಿನದ ಮದ್ದು ಸಲೈನ್. ಅದರಲ್ಲೂ ರಿಂಗರ್ ಲ್ಯಾಕ್ಟೇಟ್ ಒಳ್ಳೆಯದು. ಮಗುವಿಗೆ ದಿನಕ್ಕೆ ಸಹಜವಾಗಿ ಬೇಕಾಗುವ ನೀರಿನ ಒಂದೂವರೆಯಿಂದ ಎರಡು ಪಟ್ಟು ಕೊಡಬೇಕು. ಲೆಕ್ಕ ಹೀಗೆ: ಮೊದಲ 10 ಕೆ.ಜಿ.ಗೆ ಕೆ.ಜಿ.ಗೆ 100 ಮಿ.ಲೀ., ಮುಂದಿನ 10 ಕೆ.ಜಿ.ಗೆ 50 ಮಿ.ಲೀ. ಅಂದರೆ 14 ಕೆ.ಜಿ. ಮಗುವಿಗೆ ದಿನಕ್ಕೆ 1,200 ಮಿ.ಲೀ. ಸಹಜ ಅಗತ್ಯ, ಉರಿಯೂತದ ಮೊದಲ ದಿನ 1,800ರಿಂದ 2,400. ಮೂತ್ರ ಗಂಟೆಗೆ ಕೆ.ಜಿ.ಗೆ ಕನಿಷ್ಠ ಅರ್ಧದಿಂದ ಒಂದು ಮಿ.ಲೀ. ಬರುತ್ತಿದೆಯೇ ಎಂದು ಅಳೆಯುತ್ತಾ ಹೋಗಬೇಕು. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ ಲೆಕ್ಕ ಬೇರೆ. ನೋವಿಗೆ ಮಾರ್ಫಿನ್ ಕೊಟ್ಟರೆ ನಾಳದ ಬಾಯಿ ಬಿಗಿಯುತ್ತದೆ ಎಂಬ ಹಳೆಯ ಹೆದರಿಕೆಯಿಂದ ಮಕ್ಕಳನ್ನು ನರಳಲು ಬಿಡಬೇಕಿಲ್ಲ. ಸೋಂಕಿಲ್ಲದ ಉರಿಯೂತಕ್ಕೆ ಆಂಟಿಬಯಾಟಿಕ್ ಬೇಡ. ದಿನಗಟ್ಟಲೆ ಉಪವಾಸ ಕೆಡವುವುದೂ ಹಳೆಯ ಪದ್ಧತಿ. ವಾಂತಿ ನಿಂತರೆ ಒಂದೆರಡು ದಿನದೊಳಗೆ ಬಾಯಿಯಿಂದ ಇಲ್ಲವೇ ಮೂಗಿನ ನಳಿಕೆಯಿಂದ ಆಹಾರ ಶುರು ಮಾಡಬಹುದು.

ಇದೆಲ್ಲ ಸಾಧ್ಯವಾಗಬೇಕಾದರೆ ಮಗು ಆಸ್ಪತ್ರೆಯಲ್ಲೇ ಇರಬೇಕು. ನೋವು ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲಿ ಶುರುವಾಗುತ್ತದೆ, ಕೆಲವರಿಗೆ ಮರುದಿನದ ತನಕ ಎಳೆಯುತ್ತದೆ. ಬೆಳಗ್ಗೆ ಹತ್ತಕ್ಕೆ ಮುಗಿಸಿ ಸಂಜೆ ನಾಲ್ಕರ ಬಸ್ಸಿಗೆ ಕಳಿಸಿದರೆ ನೋವು ಶುರುವಾಗುವುದು ಮುಂಡರಗಿ ದಾರಿಯಲ್ಲಿ. ರಾತ್ರಿ ಹನ್ನೊಂದಕ್ಕೆ ಆ ಊರಿನಲ್ಲಿ ಮಗುವನ್ನು ನೋಡುವವರಿಗೆ ಇಆರ್‌ಸಿಪಿ ಆಗಿದೆ ಎನ್ನುವುದೇ ತಿಳಿದಿರುವುದಿಲ್ಲ, ಗ್ಯಾಸ್ ಇಂಜೆಕ್ಷನ್ ಹಾಕಿ ಬೆಳಗ್ಗೆ ನೋಡೋಣ ಅನ್ನುತ್ತಾರೆ. ಆದ್ದರಿಂದ ನಮ್ಮ ಮೊದಲ ಬೇಡಿಕೆ: 18 ವರ್ಷದೊಳಗಿನವರಿಗೆ ಇಆರ್‌ಸಿಪಿ ಪ್ಯಾಕೇಜ್ ಎಂದರೆ ಕನಿಷ್ಠ ಒಂದು ರಾತ್ರಿಯ ವಾಸ, 4 ಗಂಟೆಯ ನಂತರದ ಲೈಪೇಸ್, ನೋವು-ನಾಡಿ-ಜ್ವರದ ಪಟ್ಟಿ, ಇಷ್ಟೂ ಸೇರಿದ್ದು ಎಂದು ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯ ನಿಯಮದಲ್ಲಿ ಬರೆಯಿರಿ. ಮಗುವಿನ ಜೊತೆ ತಾಯಿಗೆ ಮಲಗಲು ಜಾಗ, ಊಟ ಇದರಲ್ಲೇ ಬರಲಿ. ಇಲ್ಲದಿದ್ದರೆ ನಿಯಮ ಕಾಗದದ ಮೇಲೇ ಇರುತ್ತದೆ, ತಾಯಿ ಸಂಜೆಯ ಬಸ್ಸಿಗೆ ಹೊರಡುತ್ತಾಳೆ.

ತೂತು ಬೀಳುವುದು ಅಪರೂಪ, ಆದರೆ ಬಿದ್ದರೆ ಕೈಯಲ್ಲಿರುವುದು ಗಂಟೆಗಳು ಮಾತ್ರ. ಕೊಳವೆಯ ತುದಿಯೇ ಕರುಳಿನ ಗೋಡೆ ಸೀಳಿದರೆ ಅದು ದೊಡ್ಡ ತೂತು, ಕೂಡಲೇ ಮುಚ್ಚಬೇಕು ಅಥವಾ ಶಸ್ತ್ರಚಿಕಿತ್ಸೆ ಆಗಬೇಕು. ಪ್ಯಾಪಿಲ್ಲಾ ಕತ್ತರಿಸಿದ ಜಾಗದಲ್ಲಿ ಸೋರಿದರೆ, ತಂತಿಯಿಂದ ನಾಳಕ್ಕೆ ಸಣ್ಣ ರಂಧ್ರವಾದರೆ, ಹಲವು ಸಲ ಉಪವಾಸ, ಆಂಟಿಬಯಾಟಿಕ್, ಸ್ಟೆಂಟ್‌ನಿಂದಲೇ ವಾಸಿಯಾಗುತ್ತದೆ. ಲಕ್ಷಣ: ಬೆನ್ನಿಗೆ ಹಾಯುವ ನೋವು, ಜ್ವರ, ಬಿರುಸಾದ ಹೊಟ್ಟೆ, ಕೆಲವೊಮ್ಮೆ ಕುತ್ತಿಗೆಯ ಚರ್ಮ ಒತ್ತಿದರೆ ಚರಚರ ಅನ್ನುವ ಗಾಳಿ. ಗಾಳಿ ಹೊಟ್ಟೆಯ ಹಿಂಭಾಗದಲ್ಲಿ ಸೇರಿಕೊಂಡರೆ ಸಾಮಾನ್ಯ ಎಕ್ಸ್-ರೇ ಸುಮ್ಮನಿರಬಹುದು, ಸಿಟಿ ಸ್ಕ್ಯಾನ್‌ನಲ್ಲೇ ಕಾಣುವುದು. ಹಾಗಾಗಿ ಮಕ್ಕಳ ಶಸ್ತ್ರಚಿಕಿತ್ಸಕರು ಅದೇ ಕಟ್ಟಡದಲ್ಲಿ ಇಲ್ಲದ ಕಡೆ ಮಕ್ಕಳ ಇಆರ್‌ಸಿಪಿ ಮಾಡಕೂಡದು. ಇದರಲ್ಲಿ ನಮಗೆ ರಾಜಿ ಇಲ್ಲ. ಇನ್ನೊಂದು, ಕರುಳು ಉಬ್ಬಿಸಲು ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಳಸಲಿ. ಅದು ಬೇಗ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಹೋಗುತ್ತದೆ, ಹೊಟ್ಟೆ ಉಬ್ಬಿ ಕೂಸಿನ ಉಸಿರು ಕಟ್ಟುವುದು ಕಡಿಮೆಯಾಗುತ್ತದೆ.

ರಕ್ತಸ್ರಾವದ ಅಂಕಿ ಚಿಕ್ಕದು, ಆದರೆ ಮಗುವಿನ ರಕ್ತವೂ ಕಡಿಮೆಯೇ. ಕೆ.ಜಿ.ಗೆ ಸುಮಾರು 80 ಮಿ.ಲೀ. ಲೆಕ್ಕದಲ್ಲಿ 10 ಕೆ.ಜಿ. ಮಗುವಿನ ಮೈಯಲ್ಲಿ ಇರುವುದು 800 ಮಿ.ಲೀ. ಒಂದು ಚಹಾ ಕಪ್ಪಿನಷ್ಟು ಹೋದರೆ ಹತ್ತನೇ ಒಂದು ಭಾಗ ಹೋದ ಹಾಗೆ. ಕಾಮಣಿಯಾಗಿ (ಕಾಮಾಲೆ) ಪಿತ್ತ ಕರುಳಿಗೆ ಇಳಿಯದಿದ್ದಾಗ ವಿಟಮಿನ್ ಕೆ ಹೀರಿಕೆಯಾಗುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಹಾಗಾಗಿ ಪ್ಯಾಪಿಲ್ಲಾ ಕತ್ತರಿಸುವ ಮುನ್ನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) 1.5ರೊಳಗೆ, ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ ಇರಬೇಕು. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಮರುದಿನ ಐಎನ್‌ಆರ್ ನೋಡಿದರೆ ಇನ್ನೊಂದು ಸತ್ಯವೂ ತಿಳಿಯುತ್ತದೆ: ಇಳಿದರೆ ದೋಷ ಪಿತ್ತದ ಅಡಚಣೆಯದು, ಇಳಿಯದಿದ್ದರೆ ಲಿವರ್ ಸೋಲುತ್ತಿರಬಹುದು. ಈ ಇಂಜೆಕ್ಷನ್ನನ್ನು ಕಳಿಸುವ ಆಸ್ಪತ್ರೆಯಲ್ಲೇ ಕೊಟ್ಟು, ಸಮಯ ಬರೆದು ಕಳಿಸಿದರೆ ಹುಬ್ಬಳ್ಳಿಯಲ್ಲಿ ಒಂದು ದಿನ ಉಳಿಯುತ್ತದೆ. ಸ್ರಾವ ಒಂದೆರಡು ವಾರದ ನಂತರವೂ ಆಗಬಹುದು. ಡಾಂಬರಿನಂಥ ಕಪ್ಪು ಮಲ ಕಂಡರೆ ಮನೆಯವರು ಕಾಯಬಾರದು.

ಸೋಂಕಿಗೆ ಎರಡು ದಾರಿ. ಒಂದು, ಇಕ್ಕಟ್ಟಾದ ನಾಳಕ್ಕೆ ಕಾಂಟ್ರಾಸ್ಟ್ ತುಂಬಿ, ಅದನ್ನು ಹರಿಸಲಾಗದೆ ಬಿಟ್ಟಾಗ ಒಳಗಿನ ಪಿತ್ತ ಕೆಡುವುದು. ಚಳಿಜ್ವರ, ಕಾಮಣಿ, ಬಲಮೇಲ್ಭಾಗದ ಹೊಟ್ಟೆನೋವು ಬಂದರೆ ಅದು ಈ ಸೋಂಕೇ ಎಂದು ತಿಳಿಯಬೇಕು. ಹರಿಯಲು ದಾರಿ ಮಾಡಲಾಗದ ಭಾಗಕ್ಕೆ ದ್ರವ ತುಂಬಲೇಬಾರದು, ತುಂಬಿದ್ದರೆ ಆಂಟಿಬಯಾಟಿಕ್ ಶುರುವಾಗಬೇಕು.

ಎರಡನೆಯದು ಕೊಳವೆಯೇ ತರುವ ಸೋಂಕು. ಇದನ್ನು ಹತ್ತಿರದಿಂದ ನೋಡಬೇಕು. ಕೊಳವೆಯ ತುದಿಯಲ್ಲಿ ಉಗುರಿನಷ್ಟು ಸಣ್ಣ ಲೋಹದ ಮೇಲೆತ್ತುಗ ಇರುತ್ತದೆ. ಹಿಡಿಯಲ್ಲಿನ ಸನ್ನೆ ತಿರುಗಿಸಿದರೆ ಅದು ಏಳುತ್ತದೆ, ತಂತಿಯನ್ನು ಪ್ಯಾಪಿಲ್ಲಾದ ಕಡೆ ಬಗ್ಗಿಸುತ್ತದೆ. ಅದರ ಬೆನ್ನಿನ ಹಿಂದೆ ಸಂದು, ಕೀಲಿನಲ್ಲಿ ಇನ್ನೂ ಸಣ್ಣ ಸಂದು. ಪಿತ್ತ, ರಕ್ತ, ಲೋಳೆ ಅಲ್ಲಿ ಸೇರಿ ಒಣಗಿದರೆ ಯಾವ ದ್ರಾವಣವೂ ಒಳಹೋಗದು. ಅಮೆರಿಕದಲ್ಲಿ ಸೂಚನೆಯ ಪ್ರಕಾರ ತೊಳೆದ ಕೊಳವೆಗಳಿಂದಲೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ಹರಡಿ, 2015ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಬೇಕಾಯಿತು. ಕಾರಣ ಈ ಸಂದೇ. ಆದ್ದರಿಂದ ಕೊಳವೆ ಹೊರತೆಗೆದ ಕೂಡಲೇ ಮಂಚದ ಪಕ್ಕದಲ್ಲೇ ಒರೆಸಿ ದ್ರಾವಣ ಹೀರಿಸಬೇಕು. ಆಮೇಲೆ ಸೋರಿಕೆ ಪರೀಕ್ಷೆ. ಒಂದು ಗಂಟೆಯೊಳಗೆ ಕೈಯಿಂದ ತೊಳೆಯುವುದು: ಮೇಲೆತ್ತುಗವನ್ನು ಎತ್ತಿ ಹಿಂಬದಿ ಬ್ರಷ್, ಇಳಿಸಿ ಮುಂಬದಿ ಬ್ರಷ್, ಎರಡೂ ಸ್ಥಿತಿಯಲ್ಲಿ ನೀರು ಹಾಯಿಸುವುದು. ನಂತರ ಸೂಕ್ಷ್ಮಾಣು ಕೊಲ್ಲುವ 2% ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಕನಿಷ್ಠ 20 ನಿಮಿಷ ಪೂರ್ತಿ ಮುಳುಗಿಸುವುದು, ಒಳದಾರಿಗಳಲ್ಲೂ ದ್ರಾವಣ ತುಂಬಿರಬೇಕು. ದ್ರಾವಣದ ಬಲವನ್ನು ಪಟ್ಟಿ ಅದ್ದಿ ದಿನವೂ ಪರೀಕ್ಷಿಸಬೇಕು; ಡಬ್ಬಿಯ ಮೇಲೆ 14 ದಿನ ಎಂದಿದ್ದರೂ ಕೊಳವೆ ಹೆಚ್ಚು ಅದ್ದಿದಷ್ಟು ಅದು ಬೇಗ ಸೋಲುತ್ತದೆ. ಕೊನೆಗೆ ಶೋಧಿಸಿದ ನೀರು, 70% ಆಲ್ಕೋಹಾಲ್, ಒತ್ತಡದ ಗಾಳಿ, ನೇರವಾಗಿ ತೂಗುಹಾಕುವುದು. ತಪ್ಪು ಹೆಚ್ಚಾಗಿ ಆಗುವುದು ಒಣಗಿಸುವಲ್ಲಿ. ಸರದಿ ಉದ್ದ ಇದ್ದ ದಿನ ಹಸಿ ಕೊಳವೆಯೇ ಮುಂದಿನ ರೋಗಿಗೆ ಹೋಗುತ್ತದೆ, ಇಲ್ಲವೇ ಹಸಿಯಾಗಿಯೇ ಪೆಟ್ಟಿಗೆ ಸೇರುತ್ತದೆ. ತೊಳೆಯುವ ತಂತ್ರಜ್ಞರಿಗೆ ತರಬೇತಿ, ಕೊಳವೆಗೊಂದು ದಾಖಲೆ ಪುಸ್ತಕ, ನಿಗದಿತ ಅವಧಿಗೆ ತುದಿಯಲ್ಲಿ ಬ್ಯಾಕ್ಟೀರಿಯಾ ಉಳಿದಿದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ, ಇವನ್ನು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ತಪಾಸಣೆಗೆ ಸೇರಿಸಿ. ಸರ್ಕಾರಿ ಆಸ್ಪತ್ರೆಗಳಿಗೂ ಅದೇ ಅಳತೆಗೋಲು.

ಅರಿವಳಿಕೆ ಬಗ್ಗೆ ಚಿಕ್ಕದಾಗಿ. ಮಗುವಿಗೆ ಶ್ವಾಸನಾಳಕ್ಕೆ ನಳಿಕೆ ಹಾಕಿ ಪೂರ್ಣ ಅರಿವಳಿಕೆ ಕೊಡುವುದೇ ಕ್ಷೇಮ. ಹಸುಗೂಸಿನ ಶ್ವಾಸನಾಳ 4–5 ಮಿ.ಮೀ., ಪಕ್ಕದ ಅನ್ನನಾಳದಲ್ಲಿ 7.5 ಮಿ.ಮೀ. ಕೊಳವೆ ಇಳಿದರೆ ಅದು ಅಮುಕಿಕೊಳ್ಳುತ್ತದೆ. ಬೋರಲು ಮಲಗಿಸಿದ ಮೇಲೆ ನಳಿಕೆ ಜಾರಿದರೆ ಮತ್ತೆ ಹಾಕುವುದು ಕಷ್ಟ. ಎಸಿ ಕೋಣೆಯಲ್ಲಿ ಕೂಸಿನ ಮೈ ತಣ್ಣಗಾಗುವುದನ್ನೂ ಮರೆಯುತ್ತಾರೆ. ಉಪವಾಸ ತಿಳಿನೀರಿಗೆ 2 ಗಂಟೆ, ಎದೆಹಾಲಿಗೆ 4, ಪುಡಿಹಾಲು ಮತ್ತು ಊಟಕ್ಕೆ 6. ‘ರಾತ್ರಿಯಿಂದ ಏನೂ ಕೊಡಬೇಡಿ’ ಎಂದು ಎಲ್ಲರಿಗೂ ಒಂದೇ ಮಾತು ಹೇಳಿ ಕೂಸಿನ ಸಕ್ಕರೆ ಇಳಿಸುವುದು ಬೇಡ. ಎಕ್ಸ್-ರೇ ವಿಷಯದಲ್ಲಿ ಕಿರಣದ ಕಿಟಕಿ ಕಿರಿದು ಮಾಡುವುದು, ನಿರಂತರ ಕಿರಣದ ಬದಲು ಬಿಟ್ಟು ಬಿಟ್ಟು ಹಾಯಿಸುವುದು, ಕೊನೆಯ ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿಕೊಂಡು ಯೋಚಿಸುವುದು, ಇವು ಖರ್ಚಿಲ್ಲದ ಕೆಲಸಗಳು. ಎಷ್ಟು ನಿಮಿಷ ಕಿರಣ ಹಾಯಿತು ಎಂದು ವರದಿಯಲ್ಲಿ ಬರೆಯಲಿ.

ಎಲ್ಲಕ್ಕಿಂತ ಒಳ್ಳೆಯ ಮುನ್ನೆಚ್ಚರಿಕೆ ಬೇಡದ ಇಆರ್‌ಸಿಪಿ ಮಾಡದಿರುವುದು. ನಾಳ ಹೇಗಿದೆ ಎಂದು ನೋಡಲಿಕ್ಕಷ್ಟೇ ಈಗ ಇಆರ್‌ಸಿಪಿ ಬೇಡ, ಕೊಳವೆ ಇಳಿಸದೆ ಎಂಆರ್‌ಐ ಯಂತ್ರದಲ್ಲೇ ನಾಳಗಳನ್ನು ನೋಡುವ ಎಂಆರ್‌ಸಿಪಿ ಸ್ಕ್ಯಾನ್ ಸಾಕು. ಪಿತ್ತನಾಳ ಹುಟ್ಟಿನಿಂದಲೇ ಊದಿಕೊಂಡಿರುವ ಮಕ್ಕಳಿಗೆ, ಇವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಸ್ಕ್ಯಾನ್ ನೋಡಿ ನೇರ ಶಸ್ತ್ರಚಿಕಿತ್ಸೆಗೆ ಹೋಗಬಹುದು. ನಾಳದಲ್ಲಿ ಕಲ್ಲು ಸಿಕ್ಕಿ ಸೋಂಕಾದರೆ ಮಾತ್ರ ಮೊದಲು ಇಆರ್‌ಸಿಪಿ. ಜಂತುಹುಳು ಪಿತ್ತನಾಳಕ್ಕೆ ಹೊಕ್ಕ ಮಕ್ಕಳಲ್ಲಿ ಹಲವು ಸಲ ಹುಳು ತಾನೇ ಹೊರಬರುತ್ತದೆ. ತೆಗೆಯಲೇಬೇಕಾದರೂ ಪ್ಯಾಪಿಲ್ಲಾ ಕತ್ತರಿಸದೆ ತೆಗೆಯುವುದು ಮೇಲು, ಕತ್ತರಿಸಿದ ಬಾಯಿಯಿಂದ ಮುಂದಿನ ಹುಳು ಸಲೀಸಾಗಿ ಒಳಹೋಗುತ್ತದೆ. ಹುಟ್ಟಿ 14 ದಿನವಾದರೂ ಕಾಮಣಿ ಇಳಿಯದ, ಮಲ ಬಿಳಿ ಸುಣ್ಣದಂತಿರುವ ಕೂಸನ್ನು ಇಆರ್‌ಸಿಪಿಗೆಂದು ಊರೂರು ಅಲೆಸಬೇಡಿ. ಅದಕ್ಕೆ ಬೇಕಾದದ್ದು ‘ಡೈರೆಕ್ಟ್ ಬಿಲಿರುಬಿನ್’ ಎಂಬ ರಕ್ತಪರೀಕ್ಷೆ ಮತ್ತು ಮಕ್ಕಳ ಶಸ್ತ್ರಚಿಕಿತ್ಸಕರು. ಪಿತ್ತನಾಳವೇ ಮುಚ್ಚಿದ್ದರೆ, ಕರುಳನ್ನು ಲಿವರ್‌ಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡುವ ‘ಕಸಾಯ್’ ಎಂಬ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು. ಹಳ್ಳಿಗಳಲ್ಲಿ ಕಾಮಣಿಗೆ ನಾಟಿ ಔಷಧ ಹಾಕಿಸಿ ಕಾಯುವ ವಾರಗಳೂ ಇದರಲ್ಲೇ ಕಳೆದುಹೋಗುತ್ತವೆ.

ಆದ್ದರಿಂದ ಎರಡನೆಯ ಬೇಡಿಕೆ: ಯೋಜನೆಯಡಿ ಮಕ್ಕಳ ಇಆರ್‌ಸಿಪಿಗೆ ಒಪ್ಪಿಗೆ ಕೊಡುವ ಮುನ್ನ ಎಂಆರ್‌ಸಿಪಿ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಕೊಳವೆಯ ತುದಿಯಿಂದ ಮಾಡುವ ಅಲ್ಟ್ರಾಸೌಂಡ್) ವರದಿ ಕೇಳಿ, ಆ ಸ್ಕ್ಯಾನ್‌ನ ವೆಚ್ಚವನ್ನೂ ಭರಿಸಿ. ನಾಳದ ಸೋಂಕಿನಿಂದ ಮಗು ಕುಸಿಯುತ್ತಿದ್ದರೆ ಈ ಷರತ್ತು ಬೇಡ. ಅಲ್ಲಿ ಒಪ್ಪಿಗೆಗಾಗಿ ಒಂದು ಗಂಟೆಯೂ ಕಾಯಿಸಬಾರದು.

ಇನ್ನು ಸ್ಟೆಂಟ್. ಇಷ್ಟು ಹೊತ್ತು ಹೇಳಿದ್ದೆಲ್ಲ ವೈದ್ಯರ ಕೈಚಳಕಕ್ಕೆ ಸೇರಿದ್ದು. ಇದು ಪೂರ್ತಿಯಾಗಿ ಕಾಗದಪತ್ರದ ವೈಫಲ್ಯ. ಪ್ಲಾಸ್ಟಿಕ್ ಸ್ಟೆಂಟ್ ಶಾಶ್ವತವಲ್ಲ. ಒಳಗೆ ಬ್ಯಾಕ್ಟೀರಿಯಾದ ಪೊರೆ, ಪಿತ್ತದ ಗಸಿ ಕಟ್ಟಿ ಸುಮಾರು ಮೂರು ತಿಂಗಳಲ್ಲಿ ಮುಚ್ಚುತ್ತದೆ. ತೆಳುವಾದಷ್ಟೂ ಬೇಗ ಮುಚ್ಚುತ್ತದೆ, ಮಕ್ಕಳಿಗೆ ಹಾಕುವುದು ತೆಳುವಾದದ್ದನ್ನೇ. ಮುಚ್ಚಿದ ದಿನ ಚಳಿಜ್ವರ, ಕಾಮಣಿ ಮರಳುತ್ತವೆ. ಕೆಲವು ಜಾರಿ ಕರುಳಿನ ಎದುರು ಗೋಡೆಗೆ ಚುಚ್ಚುತ್ತವೆ, ಕೆಲವು ನಾಳದೊಳಗೇ ಮೇಲಕ್ಕೆ ಸರಿದು ಕೈಗೆ ಸಿಗುವುದಿಲ್ಲ. ಉರಿಯೂತ ತಡೆಯಲೆಂದು ಮೇದೋಜೀರಕ ನಾಳದಲ್ಲಿ ಇಡುವ 3–5 ಫ್ರೆಂಚ್‌ನ ತುಂಡು ಸ್ಟೆಂಟ್ ಹೆಚ್ಚಾಗಿ ತಾನೇ ಉದುರಿ ಮಲದಲ್ಲಿ ಹೋಗುತ್ತದೆ. ಹೋಯಿತೇ ಎಂದು ಒಂದೆರಡು ವಾರದೊಳಗೆ ಹೊಟ್ಟೆಯ ಎಕ್ಸ್-ರೇ ತೆಗೆದು ನೋಡಬೇಕು, ಉಳಿದಿದ್ದರೆ ತೆಗೆಯಬೇಕು. ಬಿಟ್ಟರೆ ಆ ನಾಳವೇ ಕೆಡುತ್ತದೆ.

ಮರೆಯುವುದಕ್ಕೆ ಕಾರಣ ಹುಡುಕಬೇಕಿಲ್ಲ. ಸ್ಟೆಂಟ್ ಹಾಕಿದ ಮೇಲೆ ಮಗು ಆರಾಮಾಗುತ್ತದೆ. ಕಣ್ಣಿನ ಹಳದಿ ಹೋಗುತ್ತದೆ, ಉಣ್ಣತೊಡಗುತ್ತದೆ. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಮೂರು ತಿಂಗಳಿಗೆ ಬನ್ನಿ ಎಂದಿರುತ್ತದೆ, ಯಾಕೆ ಎಂದಿರುವುದಿಲ್ಲ. ಅಷ್ಟರಲ್ಲಿ ಬಿತ್ತನೆ ಬರುತ್ತದೆ, ಇಲ್ಲವೇ ಬ್ಯಾಡಗಿ ಸುತ್ತ ಮೆಣಸಿನಕಾಯಿ ಬಿಡಿಸುವ ಕಾಲ, ಇಲ್ಲವೇ ಮನೆಮಂದಿ ಗೋವಾ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಹೊಟ್ಟೆಯೊಳಗೆ ಪ್ಲಾಸ್ಟಿಕ್ ಇದೆ ಎನ್ನುವುದೇ ಗೊತ್ತಿಲ್ಲದ ತಂದೆಯನ್ನು ಬೈದು ಪ್ರಯೋಜನವಿಲ್ಲ.

ಮೂರನೆಯ ಬೇಡಿಕೆ ಇದಕ್ಕೆ. ಮಗುವಿನ ಕೈಗೆ ಒಂದು ಹಳದಿ ಕಾರ್ಡು, ಕನ್ನಡದಲ್ಲಿ. ಅದರಲ್ಲಿ ಮಗುವಿನ ಹೆಸರು, ತೂಕ, ಇಆರ್‌ಸಿಪಿ ಆದ ದಿನಾಂಕ, ಯಾವ ನಾಳದಲ್ಲಿ ಎಷ್ಟು ಸ್ಟೆಂಟ್, ದಪ್ಪ, ಉದ್ದ, ತೆಗೆಯಬೇಕಾದ ಕೊನೆಯ ದಿನಾಂಕ ಕೆಂಪಕ್ಷರದಲ್ಲಿ, ರಾತ್ರಿಯೂ ಎತ್ತುವ ಫೋನ್ ಸಂಖ್ಯೆ. ಕಾರ್ಡಿನ ಹಿಂದೆ ‘ಚಳಿಜ್ವರ, ಕಣ್ಣು ಹಳದಿ, ಕಪ್ಪು ಮಲ, ನಿಲ್ಲದ ವಾಂತಿ, ಹೊಟ್ಟೆ ಬಿರುಸು, ಹಾಲು ಒಲ್ಲದಿರುವುದು: ಇದರಲ್ಲಿ ಒಂದು ಕಂಡರೂ ಅದೇ ದಿನ ದವಾಖಾನೆಗೆ’. ಇದರ ನಕಲು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯ ನೋಂದಣಿಗೆ, ಅಲ್ಲಿಂದ ಆ ಊರಿನ ಆಶಾ ಕಾರ್ಯಕರ್ತೆಗೆ ಮತ್ತು 104 ಆರೋಗ್ಯವಾಣಿಗೆ. ಗಡುವಿಗೆ ಎರಡು ವಾರ ಮೊದಲು ಒಂದು ಕರೆ, ಬಾರದಿದ್ದರೆ ಆಶಾ ಮನೆಗೆ. ಸ್ಟೆಂಟ್ ತೆಗೆಯುವ ವೆಚ್ಚವನ್ನು ಹಾಕುವ ಪ್ಯಾಕೇಜಿನಲ್ಲೇ ಮೊದಲೇ ಮೀಸಲಿಡಿ, ಎರಡನೇ ಸಲ ರೆಫರಲ್ ಚೀಟಿಗಾಗಿ ತಾಲೂಕು, ಜಿಲ್ಲೆ ಅಲೆಯಿಸಬೇಡಿ. ಹೊಸ ಸಾಫ್ಟ್‌ವೇರ್ ಬರುವವರೆಗೆ ಒಂದು ದಪ್ಪ ರಿಜಿಸ್ಟರ್ ಪುಸ್ತಕವೂ ನಡೆಯುತ್ತದೆ. ಲಸಿಕೆಯ ಗಡುವನ್ನು ಈ ಮೂರು ಜಿಲ್ಲೆಗಳ ಆಶಾಗಳು ವರ್ಷಗಳಿಂದ ಹೀಗೇ ಕಾಯುತ್ತಿದ್ದಾರೆ.

ನಾಲ್ಕನೆಯದು ಚಿಕ್ಕದು. ಮಕ್ಕಳ ಇಆರ್‌ಸಿಪಿಯನ್ನು ಎಲ್ಲೆಂದರಲ್ಲಿ ಬಿಡದೆ, ಮಕ್ಕಳ ಅರಿವಳಿಕೆ, ಮಕ್ಕಳ ಐಸಿಯು, ಮಕ್ಕಳ ಶಸ್ತ್ರಚಿಕಿತ್ಸೆ, ರಾತ್ರಿ ಸಿಟಿ ಸ್ಕ್ಯಾನ್, ರಕ್ತನಿಧಿ ಐದೂ ಇರುವ ಒಂದೆರಡು ಕೇಂದ್ರಗಳನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಗುರುತಿಸಿ ಹೆಸರು ಪ್ರಕಟಿಸಿ. ಕೈ ಪಳಗುವುದು ಸಂಖ್ಯೆಯಿಂದ. ಮಕ್ಕಳ ಕೇಸುಗಳು ಮೊದಲೇ ವಿರಳ, ಹತ್ತು ಕಡೆ ಹಂಚಿದರೆ ಯಾರ ಕೈಯೂ ಪಳಗುವುದಿಲ್ಲ. ಆ ಕೇಂದ್ರಗಳು ಪ್ರತಿ ಇಆರ್‌ಸಿಪಿಯ ನಂತರ 30 ದಿನದೊಳಗೆ ಆದ ಉರಿಯೂತ, ಸ್ರಾವ, ತೂತು, ಸೋಂಕು, ಮರಳಿ ದಾಖಲಾದದ್ದನ್ನು ವರ್ಷಕ್ಕೊಮ್ಮೆ ಮಗುವಿನ ಹೆಸರಿಲ್ಲದೆ ಪ್ರಕಟಿಸಲಿ. ಅಂಕಿ ಸೊನ್ನೆ ಎಂದು ಬರೆದ ಕೇಂದ್ರವನ್ನು ಮೊದಲು ತಪಾಸಣೆ ಮಾಡಿ.

ಕಾರ್ಡಿನ ಕನ್ನಡ ಕರಡು, ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಗೆ ಗೋಡೆಯ ಮೇಲೆ ಅಂಟಿಸುವ ಒಂದು ಪುಟದ ಸೂಚನೆ, ಕೊಳವೆ ತೊಳೆಯುವ ದಾಖಲೆಯ ನಮೂನೆ, ಮೂರನ್ನೂ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ. ಮುಂದಿನ ಪ್ಯಾಕೇಜ್ ಪರಿಷ್ಕರಣೆಯ ಸಭೆಗೆ ಮಕ್ಕಳ ವೈದ್ಯರೊಬ್ಬರನ್ನು, ಎಂಡೋಸ್ಕೋಪಿ ತಂತ್ರಜ್ಞರೊಬ್ಬರನ್ನು ಕರೆಯಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮಕ್ಕಳ ವೈದ್ಯರು, ಅರಿವಳಿಕೆ ತಜ್ಞರು, ಎಂಡೋಸ್ಕೋಪಿ ವಿಭಾಗದ ತಂತ್ರಜ್ಞರು ಮತ್ತು ಶುಶ್ರೂಷಕಿಯರು

ಪ್ರತಿ: ಧಾರವಾಡ, ಗದಗ, ಹಾವೇರಿ ಜಿಲ್ಲಾಧಿಕಾರಿಗಳಿಗೆ, ಮೂರು ಜಿಲ್ಲೆಗಳ ತಾಲೂಕು ಆರೋಗ್ಯಾಧಿಕಾರಿಗಳಿಗೆ, ಪತ್ರಿಕೆಗಳಿಗೆ.